ತೊಂಬತ್ತೆಂಟು ಯುನಿಟ್

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೆ ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ವಿದ್ಯುತ್ ಕಚೇರಿಯಲ್ಲಿ ಲೈನ್‌ಮ್ಯಾನ್‌ನಿಂದ ಹಿಡಿದು ಕಸ ಗುಡಿಸುವವಳ ತನಕ ಎಲ್ಲರ ಬಾಯಲ್ಲೂ ಅವನು ತೊಂಬತ್ತೆಂಟು. "ತೊಂಬತ್ತೆಂಟು ಬಂದ್ನಾ?" "ತೊಂಬತ್ತೆಂಟಕ್ಕೂ ಒಂದು ಟೀ ಹೇಳು." ಮೊದಮೊದಲು ಮುಖ ಸಿಂಡರಿಸುತ್ತಿದ್ದ, ಆಮೇಲೆ ಅದಕ್ಕೇ ಓಗೊಡತೊಡಗಿದ. ಮೂವತ್ತೊಂದು ವರ್ಷ ಮನೆಮನೆ ತಿರುಗಿ ಮೀಟರ್ ಓದಿದವನು. ವಿದ್ಯುತ್ ಸ್ಥಾವರದ ಬೆನ್ನಿಗಿರುವ ಏಳು ಬೀದಿ, ಸಾವಿರದ ಚಿಲ್ಲರೆ ಮನೆ ಅವನ ಪಾಲಿಗೆ.

ಹೆಸರು ಬಂದದ್ದು ಹೀಗೆ. ಮನೆಬಳಕೆಗೆ ತಿಂಗಳಿಗೆ ನೂರು ಯುನಿಟ್‌ವರೆಗೆ ಒಂದು ದರ. ನೂರೊಂದಾಯಿತೋ, ಆ ಒಂದಕ್ಕೆ ಮಾತ್ರವಲ್ಲ, ಮೊದಲನೆಯದರಿಂದ ಹಿಡಿದು ಅಷ್ಟಕ್ಕೂ ದುಪ್ಪಟ್ಟು. ಐನೂರು ದಾಟಿದರೆ ನಾಲ್ಕು ಪಟ್ಟು. ಯಾವ ಪುಣ್ಯಾತ್ಮ ತಣ್ಣನೆ ಕೋಣೆಯಲ್ಲಿ ಕೂತು ಮಾಡಿದನೋ ಈ ನಿಯಮವನ್ನು, ಅವನ ಮನೆಯ ಫ್ಯಾನು ಸುಡುಬೇಸಿಗೆಯಲ್ಲೇ ಕೆಟ್ಟು ಕೂರಲಿ. ಸೆಕೆಗಾಲದಲ್ಲಿ ಎಂಥ ಬಡವರ ಮನೆಯಲ್ಲೂ ನೂರು ದಾಟುತ್ತದೆ. ಚಳಿ ಬಂದರೆ ಎಪ್ಪತ್ತಕ್ಕೆ ಇಳಿಯುತ್ತದೆ. ಇವನು ನೋಡಿದ. ಸೆಕೆಯ ತಿಂಗಳಲ್ಲಿ ನೂರಹದಿನೈದು ಓಡಿದ್ದರೆ ತೊಂಬತ್ತೆಂಟು ಎಂದು ಬರೆದು ಹದಿನೇಳನ್ನು ಮೀಟರಿನಲ್ಲೇ ಬಿಡುತ್ತಿದ್ದ. ಎಪ್ಪತ್ತು ಓಡಿದ ತಿಂಗಳಲ್ಲಿ ಆ ಹದಿನೇಳನ್ನು ಸೇರಿಸಿ ಎಂಬತ್ತೇಳು ಬರೆಯುತ್ತಿದ್ದ. ವರ್ಷದ ಕೊನೆಗೆ ಲೆಕ್ಕ ಸರಿಹೋಗುತ್ತಿತ್ತು, ಇಲಾಖೆಗೆ ಒಂದು ಯುನಿಟ್ಟೂ ಮೋಸವಿಲ್ಲ, ಬಡವರಿಗೆ ದುಪ್ಪಟ್ಟು ದರದ ಪೆಟ್ಟಿಲ್ಲ. ಇದಕ್ಕೆ ಮೀಟರ್ ಓದುವವರ ನಡುವೆ 'ಹಿಂದೆ ಬಿಡೋದು' ಎನ್ನುತ್ತಾರೆ. ಕಾಸು ತಗೊಂಡು ಬಿಡುವವರು ಬೇಕಾದಷ್ಟು ಜನ ಇದ್ದರು. ಇವನು ಯಾರ ಮನೆಯಲ್ಲೂ ಒಂದು ಲೋಟ ನೀರಿಗಿಂತ ಹೆಚ್ಚು ಮುಟ್ಟಿದವನಲ್ಲ.

ಸ್ಥಾವರದ ಬಗ್ಗೆ ಎರಡು ಮಾತು ಹೇಳದಿದ್ದರೆ ನನ್ನ ಹೊಟ್ಟೆಯುರಿ ತಣಿಯುವುದಿಲ್ಲ. ಮೂರು ಚಿಮಣಿ. ಹಗಲೂ ಇರುಳೂ ಕಲ್ಲಿದ್ದಲು ಸುಡುತ್ತದೆ. ಅಲ್ಲಿ ಹುಟ್ಟಿದ ವಿದ್ಯುತ್ತು ದೊಡ್ಡ ದೊಡ್ಡ ಗೋಪುರಗಳ ಮೇಲೆ, ಈ ಏಳು ಬೀದಿಯ ತಲೆಯ ಮೇಲೇ ಹಾದು, ಎಲ್ಲಿಗೋ ಹೋಗುತ್ತದೆ. ಈ ಬೀದಿಗಳಿಗೆ ಬರುವುದು ಬೂದಿ. ಒಗೆದು ಹರವಿದ ಬಟ್ಟೆ ಸಂಜೆಗೆ ಒಳಗೆ ತರುವಾಗ ಇನ್ನೊಮ್ಮೆ ಕೊಡವಬೇಕು, ನೀರಿನ ತೊಟ್ಟಿಗೆ ಮುಚ್ಚಳ ಹಾಕದಿದ್ದರೆ ಮೇಲೆ ಕೆನೆ ಕಟ್ಟುತ್ತದೆ. ಜಮೀನು ತಗೊಳ್ಳುವಾಗ ದೊಡ್ಡವರು ಬಂದು, ಸುತ್ತಮುತ್ತಲಿನ ಮನೆಗಳಿಗೆ ಅರ್ಧ ದರದಲ್ಲಿ ವಿದ್ಯುತ್ ಕೊಡುತ್ತೇವೆ ಎಂದು ಬೋರ್ಡು ಬರೆಸಿ ನಿಲ್ಲಿಸಿದ್ದರು. ಬೋರ್ಡು ಈಗಲೂ ಇದೆ, ಅದರ ಮೇಲೂ ಬೂದಿ. ಅರ್ಧ ದರ ಸಿಕ್ಕಿದ್ದು ಸ್ಥಾವರದ ಪಕ್ಕದ ಕಬ್ಬಿಣದ ಕಾರ್ಖಾನೆಗೆ.

ಆ ಸ್ಥಾವರದಲ್ಲೇ ಇಪ್ಪತ್ತಾರು ವರ್ಷ ದುಡಿದವನು ಇವನ ಭಾವ, ಅಕ್ಕನ ಗಂಡ. ಬೂದಿ ವಿಭಾಗ. ಒಲೆಯ ಕೆಳಗೆ ಬಿದ್ದ ಬೂದಿಯನ್ನು ಲಾರಿಗೆ ತುಂಬಿಸುವ ಕೆಲಸ, ಮೂಗಿಗೆ ಒಂದು ಒದ್ದೆ ಟವೆಲು ಕಟ್ಟಿಕೊಂಡು. ಮಹಾ ತಮಾಷೆಯ ಮನುಷ್ಯ. ಮದುವೆಯಾದ ಹೊಸತರಲ್ಲಿ ಕೆಲಸ ಮುಗಿಸಿ ಮೈಯೆಲ್ಲ ಬೂದಿಯಾಗಿ ಬಂದು ಬಾಗಿಲಲ್ಲಿ ನಿಂತು, "ನಿನ್ನ ಗಂಡ ಒಳಗಿದ್ದಾನಾ ನೋಡು, ನಾನು ಯಾರು ಅಂತ ನಂಗೇ ಗೊತ್ತಾಗ್ತಿಲ್ಲ," ಎನ್ನುತ್ತಿದ್ದನಂತೆ. ಐವತ್ತನೆಯ ವಯಸ್ಸಿಗೆ ಕೆಮ್ಮು ಹತ್ತಿತು, ಐವತ್ತೆರಡಕ್ಕೆ ಮೆಟ್ಟಿಲು ಹತ್ತಲಾರದವನಾದ. ದೊಡ್ಡಾಸ್ಪತ್ರೆಯವರು ಶ್ವಾಸಕೋಶದೊಳಗೆ ಬೂದಿ ಕೂತು ಗಟ್ಟಿಯಾಗಿದೆ ಎಂದರು. ಸ್ಥಾವರದ ಡಾಕ್ಟರು ಮಾತ್ರ ತನ್ನ ಕಾಗದದಲ್ಲಿ 'ಧೂಮಪಾನದ ಅಭ್ಯಾಸವಿರಬಹುದು' ಎಂದು ಬರೆದ. ಜನ್ಮದಲ್ಲಿ ಒಂದು ಸಿಗರೇಟು ತುಟಿಗಿಟ್ಟವನಲ್ಲ ಭಾವ. ಆ ಒಂದು 'ಬಹುದು' ಎನ್ನುವುದಕ್ಕೆ ಪರಿಹಾರವೆಲ್ಲ ಗಾಳಿಗೆ ಹೋಯಿತು.

ಇನ್ನೂ ನಡೆದಾಡುತ್ತಿದ್ದ ಕಾಲದಲ್ಲಿ ಭಾವ ಒಮ್ಮೆ ದರ ಏರಿಕೆಯ ಸಾರ್ವಜನಿಕ ವಿಚಾರಣೆಗೆ ಹೋಗಿದ್ದ. ಇವನೇ ಜೊತೆಗೆ ಕರೆದುಕೊಂಡು ಹೋದದ್ದು. ಮೇಜಿನ ಮೇಲೆ ಬಿಳಿ ಬಟ್ಟೆ, ನೀರಿನ ಬಾಟಲಿಗಳು, ಹಿಂದೆ ಮೂವರು ಸಾಹೇಬರು. ಒಬ್ಬೊಬ್ಬರಿಗೆ ಎರಡು ನಿಮಿಷ. ಭಾವ ಎದ್ದು ನಿಂತು, "ಸ್ವಾಮಿ, ನಮ್ಮೂರಲ್ಲಿ ಹುಟ್ಟೋ ಕರೆಂಟು... ನಮಗೇ ದುಬಾರಿ... ಯಾಕೆ ಅಂತ..." ಎನ್ನುವಷ್ಟರಲ್ಲಿ ಉಸಿರು ಕಟ್ಟಿ, ಮುಂದಿನ ಕುರ್ಚಿ ಹಿಡಿದುಕೊಂಡು ಏದುತ್ತ ನಿಂತುಬಿಟ್ಟ. ಗಂಟೆ ಹೊಡೆಯಿತು. ನಡುವೆ ಕೂತ ಸಾಹೇಬರು ಬಹಳ ಮರ್ಯಾದೆಯಿಂದ, "ನಿಮ್ಮ ಸಮಯ ಮುಗೀತು, ಉಳಿದಿದ್ದನ್ನ ಬರವಣಿಗೆಯಲ್ಲಿ ಕೊಡಿ," ಎಂದರು. ಬಸ್ಸಿನಲ್ಲಿ ಹಿಂದಿರುಗುವಾಗ ಭಾವ, "ಎರಡು ನಿಮಿಷದಲ್ಲಿ ಒಂದೂವರೆ ನಿಮಿಷ ಉಸಿರೇ ತಿಂದುಬಿಡ್ತು ನೋಡು," ಎಂದು ನಕ್ಕ. ಇವನಿಗೆ ನಗು ಬರಲಿಲ್ಲ.

ಅಕ್ಕನ ವಿಷಯ ಬೇರೆ. ಇವನಿಗಿಂತ ಒಂಬತ್ತು ವರ್ಷ ದೊಡ್ಡವಳು. ತಾಯಿ ತೀರಿಕೊಂಡಾಗ ಇವನಿಗೆ ನಾಲ್ಕು ವರ್ಷ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು, ಮಗ್ಗಿ ಕಲಿಸಿದವಳು ಅವಳು, ಫೀಸಿಗೆ ಬಟ್ಟೆ ಹೊಲಿದವಳು ಅವಳು. ಈಗಲೂ ಹೊಲಿಯುತ್ತಾಳೆ, ಕಾಲಲ್ಲಿ ತುಳಿಯುವ ಹಳೇ ಯಂತ್ರ. "ಇದಕ್ಕೆ ಕರೆಂಟು ಬೇಡ, ಮೊಣಕಾಲು ಸಾಕು," ಎನ್ನುತ್ತಾಳೆ. ಮಹಾ ಬಿಗಿ ಹೆಂಗಸು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ದೀಪ ಆರಿಸದೆ ಹೋದವರ ತಲೆಗೆ ಅವಳ ಬೆರಳಗಂಟು ತಾಗುತ್ತಿತ್ತು, ಆಗಲೂ, ಈಗಲೂ.

ನಾಲ್ಕು ವರ್ಷದ ಹಿಂದೆ ಭಾವನಿಗೆ ಆಮ್ಲಜನಕದ ಯಂತ್ರ ಬಂತು. ಸಾಲ ಸೋಲ ಮಾಡಿ ತಂದದ್ದು. ಸಣ್ಣ ಬೀರುವಿನಷ್ಟಿದೆ, ಮಂಚದ ತಲೆದಿಂಬಿನ ಪಕ್ಕದಲ್ಲಿ ನಿಂತು ಗುರ್ ಎನ್ನುತ್ತದೆ, ನಡುನಡುವೆ ಥುಸ್ ಎಂದು ಉಸಿರು ಬಿಡುತ್ತದೆ. ಅದರಿಂದ ಒಂದು ಸಪೂರ ಕೊಳವೆ ಭಾವನ ಮೂಗಿಗೆ. "ದಿನಪೂರ್ತಿ ಓಡ್ತಿರಬೇಕು, ಸ್ನಾನಕ್ಕೆ ಬಿಟ್ಟರೆ ತೆಗೀಬಾರ್ದು," ಎಂದಿದ್ದರು ಡಾಕ್ಟರು. ತಿಂಗಳ ನಡುವೆ ಬಂದ ಯಂತ್ರ, ಆದರೂ ಆ ತಿಂಗಳು ನೂರೆಪ್ಪತ್ತಾರು ಯುನಿಟ್ ಓಡಿತ್ತು. ಇವನು ಇದ್ದದ್ದನ್ನು ಇದ್ದಂತೆ ಬರೆದ. ಬಿಲ್ಲು ನೋಡಿ ಅಕ್ಕ ಹೊಸ್ತಿಲ ಮೇಲೆ ಕುಸಿದು ಕೂತಳು. "ಇದೇ ಹೀಗೆ ಬಂದ್ರೆ ನಾನು ಕರೆಂಟ್ ಬಿಲ್ ಕಟ್ಲಾ, ಮಾತ್ರೆ ತರ್ಲಾ?" ಎಂದಳು. ಆ ಮುಖ ಇವನ ಕಣ್ಣಿಗೆ ಕಟ್ಟಿಬಿಟ್ಟಿತು.

ಮುಂದಿನ ತಿಂಗಳು ಮೀಟರಿನಲ್ಲಿ ಓಡಿದ್ದು ಇನ್ನೂರೆಂಬತ್ತು. ಇವನು ಬರೆದದ್ದು ತೊಂಬತ್ತೆಂಟು.

"ಅಕ್ಕ, ನೂರರ ಒಳಗೇ ಇದೆ ನೋಡು," ಎಂದು ಬಿಲ್ಲು ಹರಿದು ಕೊಟ್ಟ. "ಹೀಗೇ ಎಚ್ಚರದಿಂದಿರು, ಸಾಕು."

ಅಕ್ಕ ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿತು. "ನಾನು ಹಿಡಿತದಲ್ಲಿಟ್ಟಿದ್ದೀನಿ ಕಣೋ," ಎಂದಳು. ದೀಪ, ಫ್ಯಾನುಗಳ ಮಾತಿರಬೇಕು ಎಂದುಕೊಂಡು ಇವನು ಸೈಕಲ್ ಹತ್ತಿದ.

ಮೀಟರು ಅವಳಿಗೆ ಕಾಣುವಂಥದ್ದಲ್ಲ. ಹೊರಗೋಡೆಯಲ್ಲಿ, ಸೂರಿನ ಕೆಳಗೆ ಅಷ್ಟೆತ್ತರಕ್ಕೆ ಕೂರಿಸಿದ್ದಾರೆ, ಗಾಜು ಬೂದಿ ಕುಡಿದು ಮಬ್ಬಾಗಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬ್ಯಾಟರಿ ಬಿಟ್ಟು ನೋಡುವವನು ಇವನೊಬ್ಬನೇ. ಪ್ರತಿ ತಿಂಗಳು ಐದನೇ ತಾರೀಖು, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಆ ಮನೆಗೆ ಬರುತ್ತಿದ್ದ. ಕಟ್ಟೆಯ ಮೇಲೆ ಹತ್ತಿ ನಿಂತು, ಕೈಯಲ್ಲಿನ ಬಿಲ್ ಯಂತ್ರಕ್ಕೆ ತೊಂಬತ್ತೆಂಟು ಹೊಡೆಯುತ್ತಿದ್ದ. ಎಲ್ಲ ತಿಂಗಳೂ ಅದೇ ಬಂದರೆ ಯಾರಿಗಾದರೂ ಅನುಮಾನ ಬಂದೀತೆಂದು ಒಮ್ಮೊಮ್ಮೆ ತೊಂಬತ್ತೇಳು, ಒಮ್ಮೊಮ್ಮೆ ತೊಂಬತ್ತಾರು. ಚಳಿಗಾಲದಲ್ಲಿ ಸರಿಮಾಡುತ್ತೇನೆ ಎಂದು ಮೊದಲು ಅಂದುಕೊಂಡಿದ್ದ. ಆದರೆ ಉಸಿರಿಗೆ ಚಳಿಗಾಲವೇನು, ಸೆಕೆಗಾಲವೇನು? ಆ ಯಂತ್ರ ಯಾವ ತಿಂಗಳೂ ಒಂದು ಯುನಿಟ್ ಕಡಿಮೆ ತಿನ್ನಲಿಲ್ಲ. ಹಿಂದೆ ಬಿಟ್ಟದ್ದು ಹಿಂದೆಯೇ ಬೆಳೆಯಿತು. ಎರಡನೆಯ ವರ್ಷಕ್ಕೆ ಇವನು ಲೆಕ್ಕ ಹಾಕುವುದನ್ನೇ ಬಿಟ್ಟ. ಒಂದು ಒಳ್ಳೆಯ ಸಿಡಿಲು ಬಡಿದು ಮೀಟರ್ ಸುಟ್ಟುಹೋಗಬಾರದೇ ಎಂದು ಮೋಡ ಕಟ್ಟಿದಾಗಲೆಲ್ಲ ಆಕಾಶ ನೋಡುತ್ತಿದ್ದ. ಊರಿಗೆಲ್ಲ ಸಿಡಿಲು ಬಡಿಯಿತು, ಆ ಮೀಟರಿಗೆ ಬಡಿಯಲಿಲ್ಲ.

ಅಕ್ಕನೋ, ಬೀದಿಗೆಲ್ಲ ಹೇಳಿಕೊಂಡು ಬಂದಳು. "ಮನೇಲಿ ಅಷ್ಟು ದೊಡ್ಡ ಮಷೀನ್ ಓಡುತ್ತೆ, ಆದ್ರೂ ನಂದು ನೂರು ದಾಟಲ್ಲ. ನಿಮಗೆಲ್ಲ ಏನು ಬಂದಿದೆ ರೋಗ?" ಎಂದು ನೆರೆಮನೆಯವರನ್ನು ಕಿಚಾಯಿಸುತ್ತಿದ್ದಳು. ಇವನು ಕೇಳಿಯೂ ಕೇಳದವನಂತೆ ಬ್ಯಾಟರಿ ಜೇಬಿಗಿಳಿಸುತ್ತಿದ್ದ. ಒಳಗೊಳಗೆ ಖುಷಿಯೂ ಆಗುತ್ತಿತ್ತು. ಸುಳ್ಳೇಕೆ ಹೇಳಲಿ, ತಾನು ಅಕ್ಕನ ಋಣ ತೀರಿಸುತ್ತಿದ್ದೇನೆ ಎಂಬ ಸಣ್ಣ ಜಂಬ ಅವನಿಗಿತ್ತು.

ನಿವೃತ್ತಿಗೆ ಏಳು ತಿಂಗಳಿದ್ದಾಗ ಆದೇಶ ಬಂತು. ಹಳೇ ಮೀಟರುಗಳನ್ನೆಲ್ಲ ಕಿತ್ತು ಹೊಸದನ್ನು ಹಾಕುತ್ತಾರೆ. ಹೊಸದು ತನ್ನ ಲೆಕ್ಕವನ್ನು ತಾನೇ ಕಚೇರಿಗೆ ಕಳಿಸುತ್ತದೆ, ಓದಲು ಯಾರೂ ಹೋಗಬೇಕಿಲ್ಲ. ಗುತ್ತಿಗೆದಾರನ ಕಡೆಯವರು ಬರುತ್ತಾರೆ, ಹಳೇ ಮೀಟರಿನ ಕೊನೆಯ ಅಂಕಿಯ ಫೋಟೋ ಹೊಡೆಯುತ್ತಾರೆ, ಕೀಳುತ್ತಾರೆ. ಇವನ ಏಳು ಬೀದಿಗೆ ಅವರು ಬರಲು ಇಪ್ಪತ್ತು ದಿನವಿತ್ತು.

ಇವನು ಹಗಲೆಲ್ಲ ಬೀದಿ ಬೀದಿ ತಿರುಗಿದ. ಇಲ್ಲಿ ಹನ್ನೆರಡು, ಅಲ್ಲಿ ನಲವತ್ತು, ಹಿಂದೆ ಬಿಟ್ಟದ್ದನ್ನೆಲ್ಲ ಜನರ ಕಾಲು ಹಿಡಿದು, ಬೈಸಿಕೊಂಡು, ಬಿಲ್ಲಿಗೆ ಸೇರಿಸಿ ಸರಿಮಾಡಿದ. ಕೊನೆಗೆ ಉಳಿದದ್ದು ಒಂದೇ ಮನೆ. ಕಟ್ಟೆ ಹತ್ತಿ ಗಾಜು ಒರೆಸಿ ನೋಡಿದ. ಬಿಲ್ಲಿನಲ್ಲಿರುವುದಕ್ಕೂ ಮೀಟರಿನಲ್ಲಿರುವುದಕ್ಕೂ ಎಂಟು ಸಾವಿರದ ಐನೂರ ನಲವತ್ತು ಯುನಿಟ್ ವ್ಯತ್ಯಾಸ. ಅದಷ್ಟೂ ಒಂದೇ ತಿಂಗಳ ಬಳಕೆಯೆಂದು ನಾಲ್ಕು ಪಟ್ಟು ದರದಲ್ಲಿ ಬೀಳುತ್ತದೆ. ಅಕ್ಕ ತನ್ನ ಹೊಲಿಗೆ ಯಂತ್ರದ ಜೊತೆಗೆ ಮನೆಯನ್ನೂ ಮಾರಬೇಕು. ಮೂವತ್ತು ದಿನದೊಳಗೆ ಕಟ್ಟದಿದ್ದರೆ ಫ್ಯೂಸ್ ಕಿತ್ತುಕೊಂಡು ಹೋಗುತ್ತಾರೆ. ಆ ಕ್ಷಣವೇ ಮಂಚದ ಪಕ್ಕದ ಯಂತ್ರ ನಿಲ್ಲುತ್ತದೆ.

ಸೆಕ್ಷನ್ ಸಾಹೇಬರ ಮುಂದೆ ಹೋಗಿ, ಯಾರದೋ ಮನೆಯ ಕಥೆಯೆಂಬಂತೆ ಕೇಳಿದ. "ಸರ್, ಒಂದ್ವೇಳೆ ಒಂದು ಮನೇಲಿ ಹಿಂದಿನ ರೀಡಿಂಗ್ ಕಡಿಮೆ ಬಿದ್ದಿದ್ರೆ ಏನ್ಮಾಡೋದು?"

ಸಾಹೇಬರು ಕಡತದಿಂದ ತಲೆ ಎತ್ತದೆ ಹೇಳಿದರು. "ಎರಡೇ ದಾರಿ. ಮೀಟರ್ ಕೆಟ್ಟಿತ್ತು ಅಂತ ಮನೆಯವರು ದೂರು ಕೊಡ್ಲಿ. ಲ್ಯಾಬಿಗೆ ಹೋಗುತ್ತೆ, ವರದಿ ಬರೋಕೆ ಒಂದು ವರ್ಷ ಆಗುತ್ತೆ, ಅಲ್ಲಿ ತನಕ ವಸೂಲಿ ನಿಲ್ಲುತ್ತೆ. ಮೀಟರ್ ಸರಿ ಇದ್ರೆ ದಂಡ ಸೇರಿಸಿ ವಸೂಲಿ. ಇಲ್ಲಾಂದ್ರೆ, ರೀಡರ್ ತಾನೇ ತಪ್ಪು ಬರೆದೆ ಅಂತ ಬರೆದುಕೊಡ್ಲಿ. ಆಗ ಯುನಿಟ್ಟನ್ನ ತಿಂಗಳು ತಿಂಗಳಿಗೆ ಹಂಚಿ ಹಾಕ್ತೀವಿ. ನಾಲ್ಕು ಪಟ್ಟು ಬೀಳಲ್ಲ, ದಂಡ ಇಲ್ಲ, ಕಂತಲ್ಲಿ ಕಟ್ಟಬಹುದು."

"ಮತ್ತೆ ರೀಡರ್‌ಗೆ, ಸರ್?"

ಆಗ ಸಾಹೇಬರು ತಲೆ ಎತ್ತಿದರು. "ಅವನು ಪಿಂಚಣಿ ಆಸೆ ಬಿಡ್ಲಿ."

ಹೆಂಡತಿಗೆ ಹೇಳಿದ. ಅವಳು ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. "ನಿಮ್ಮಕ್ಕನ ಮೇಲೆ ನಂಗೇನೂ ಕೋಪ ಇಲ್ಲ," ಎಂದಳು. "ಆದ್ರೆ ನೀವು ಬರೆದುಕೊಟ್ರೆ ನಾಳೆ ನಾವು ಏನು ತಿನ್ನೋದು, ಹೇಳಿ. ದೂರು ಕೊಡ್ಲಿ ಅವ್ರು. ವರದಿ ಬರೋಷ್ಟರಲ್ಲಿ ನಿಮ್ಮ ಪಿಂಚಣಿ ಕೈಗೆ ಬಂದಿರುತ್ತೆ. ಆಮೇಲೆ ದಂಡಾನೋ ಗಿಂಡಾನೋ, ಸ್ವಲ್ಪ ಸ್ವಲ್ಪ ನಾವೇ ಕೊಟ್ರಾಯ್ತು." ಅದರಲ್ಲಿ ತಪ್ಪೇನಿದೆ? ಇವನಿಗೂ ಅದೇ ಸರಿ ಎನಿಸಿತು. ಹೆದರಿದವನಿಗೆ ಸುಲಭದ ದಾರಿಯೆಲ್ಲ ಸರಿಯಾದ ದಾರಿಯಾಗಿಯೇ ಕಾಣುತ್ತದೆ. 'ನಮ್ಮ ಮನೆಯ ಮೀಟರು ಬಹಳ ದಿನಗಳಿಂದ ಕೆಟ್ಟಿರುವುದಾಗಿ ತಿಳಿದುಬಂದಿದ್ದು' ಎಂದು ಅಂದವಾದ ಅಕ್ಷರದಲ್ಲಿ ದೂರು ಬರೆದ. ಅಕ್ಕನ ಸಹಿ ಬೇಕಿತ್ತು. ಮಡಿಸಿ ಜೇಬಿಗಿಟ್ಟುಕೊಂಡು ಹೊರಟ.

ಮಧ್ಯಾಹ್ನ ಒಂದೂಕಾಲು. ಆ ಹೊತ್ತಿಗೆ ಅವನು ಆ ಮನೆಗೆ ಹೋದದ್ದೇ ಇಲ್ಲ. ರೀಡಿಂಗಿಗೆ ಹನ್ನೊಂದಕ್ಕೆ, ರಜೆಯ ದಿನ ಮಾತಾಡಿಸಲು ಒಂಬತ್ತಕ್ಕೆ, ಅಷ್ಟೇ. ಬಾಗಿಲು ತೆರೆದೇ ಇತ್ತು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವನಿಗೆ ಏನೋ ಸರಿಯಿಲ್ಲ ಎನಿಸಿತು. ಏನೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಸದ್ದಿರಲಿಲ್ಲ. ಗುರ್ ಎನ್ನುವ ಸದ್ದೇ ಇರಲಿಲ್ಲ.

ಭಾವ ಮಂಚದ ಅಂಚಿನಲ್ಲಿ ಕೂತಿದ್ದ. ಎರಡು ಅಂಗೈ ಮೊಣಕಾಲಿನ ಮೇಲೆ ಊರಿ, ಮುಂದಕ್ಕೆ ಬಾಗಿ, ಹೆಗಲನ್ನು ಎತ್ತಿ ಎತ್ತಿ ಗಾಳಿ ಎಳೆಯುತ್ತಿದ್ದ. ತುಟಿ ಶಾಯಿ ಕುಡಿದಂತಿತ್ತು. ಕೊಳವೆ ದಿಂಬಿನ ಮೇಲೆ ಬಿದ್ದಿತ್ತು. ಅಕ್ಕ ಪಕ್ಕದಲ್ಲಿ ನಿಂತು ಒಂದು ರಟ್ಟಿನ ತುಂಡಿನಿಂದ ಗಾಳಿ ಬೀಸುತ್ತಿದ್ದಳು.

ಇವನು ಫ್ಯೂಸ್ ಕಿತ್ತೇಬಿಟ್ಟರೋ ಎಂದುಕೊಂಡ. "ಅಕ್ಕ! ಕರೆಂಟ್ ಹೋಗಿದ್ಯಾ?"

"ಶ್! ಕೂಗಬೇಡ," ಎಂದಳು ಅಕ್ಕ. "ಕರೆಂಟ್ ಎಲ್ಲಿ ಹೋಗುತ್ತೆ? ನಾನೇ ಆರಿಸಿದ್ದೀನಿ. ಒಂದರಿಂದ ಮೂರು."

"ಏನು ಒಂದರಿಂದ ಮೂರು?"

ಭಾವ ಬಾಗಿದ ತಲೆಯನ್ನು ಸ್ವಲ್ಪ ಎತ್ತಿದ. ಅಷ್ಟರಲ್ಲೂ ನಗಲು ನೋಡಿದ. "ನಿಮ್ಮಕ್ಕ... ಲೋಡ್ ಶೆಡ್ಡಿಂಗ್... ಮಾಡ್ತಾಳಪ್ಪ... ದಿನಾ."

"ದಿನಾನಾ?"

"ಮತ್ತೆ ನೂರರ ಒಳಗೆ ಹೇಗೆ ಬರುತ್ತೆ ಅಂದ್ಕೊಂಡೆ?" ಎಂದಳು ಅಕ್ಕ. ಬೀಸುವ ಕೈ ನಿಲ್ಲಿಸಲಿಲ್ಲ. ದನಿಯಲ್ಲಿ ಹೆಮ್ಮೆಯಿತ್ತು, ಅದೇ ಬೀದಿಗೆಲ್ಲ ಕೇಳಿಸುವ ಹೆಮ್ಮೆ. "ಮೊದಲನೇ ತಿಂಗಳು ನೂರೆಪ್ಪತ್ತಾರು ಬಂತಲ್ಲ, ಆ ಬಿಲ್ ನೋಡಿ ಎದೆ ಒಡೆದುಹೋಯ್ತು. ಮಾರನೇ ದಿನದಿಂದ ಶುರು ಮಾಡ್ದೆ, ಮಧ್ಯಾಹ್ನ ಎರಡು ಗಂಟೆ ಆಫ್. ಮುಂದಿನ ತಿಂಗಳು ನೀನೇ ಬರೆದ್ಯಲ್ಲ, ತೊಂಬತ್ತೆಂಟು! ಹೀಗೇ ಎಚ್ಚರದಿಂದಿರು ಅಂದ್ಯಲ್ಲ. ಇದ್ದೀನಿ. ಒಂದು ದಿನಾನೂ ತಪ್ಪಿಸಿಲ್ಲ."

ಇವನು ನೇರ ಹೋಗಿ ಸ್ವಿಚ್ಚಿಗೆ ಕೈ ಹಾಕಿದ. ಅಕ್ಕ ಛಂಗನೆ ಬಂದು ಮಣಿಕಟ್ಟು ಹಿಡಿದಳು. "ಏ, ಏನ್ ಮಾಡ್ತಿದ್ದೀಯ! ಇನ್ನೂ ಒಂದೂಮುಕ್ಕಾಲು ಗಂಟೆ ಇದೆ. ನೂರು ದಾಟಿದ್ರೆ ಯಾರು ಬಂದು ಕಟ್ತಾರೆ?" ಇವನು ಕೈ ಕೊಸರಿಕೊಂಡು ಸ್ವಿಚ್ ಒತ್ತಿದ. ಯಂತ್ರ ಒಮ್ಮೆ ನಡುಗಿ ಗುರ್ ಎಂದಿತು. ಕೊಳವೆ ಎತ್ತಿ ಭಾವನ ಮೂಗಿಗೆ ಸಿಕ್ಕಿಸಿದ.

ಆಮೇಲೆ ನೆಲದ ಮೇಲೆ ಕೂತು ಹೇಳಿದ. ಎಲ್ಲ ಹೇಳಿದ. ಇನ್ನೂರೆಂಬತ್ತು ಓಡಿದ್ದು, ತೊಂಬತ್ತೆಂಟು ಬರೆದದ್ದು, ಹಿಂದೆ ಬಿಟ್ಟದ್ದು, ಹೊಸ ಮೀಟರು, ಎಂಟು ಸಾವಿರದ ಐನೂರ ನಲವತ್ತು.

ಅಕ್ಕ ಬಯ್ಯುತ್ತಾಳೆ ಎಂದುಕೊಂಡಿದ್ದ. ಹಣವೆಲ್ಲಿಂದ ತರಲಿ ಎಂದು ಅಳುತ್ತಾಳೆ ಎಂದುಕೊಂಡಿದ್ದ. ಅವಳು ಹಣದ ಮಾತೇ ಎತ್ತಲಿಲ್ಲ.

"ಎರಡು ಗಂಟೆ ಆರಿಸಿದ್ರೆ ದಿನಕ್ಕೆ ಎಷ್ಟು ಉಳೀತಿತ್ತು?" ಎಂದು ಕೇಳಿದಳು.

"ಬಿಡು ಅಕ್ಕ, ಈಗ್ಯಾಕೆ."

"ಎಷ್ಟು ಅಂತ ಕೇಳ್ದೆ."

"ಮುಕ್ಕಾಲು ಯುನಿಟ್ಟೂ ಇಲ್ಲ."

"ತಿಂಗಳಿಗೆ?"

"ಇಪ್ಪತ್ತು, ಇಪ್ಪತ್ತೊಂದು."

ಅಕ್ಕ ತುಟಿಯಲ್ಲೇ ಏನನ್ನೋ ಕೂಡಿದಳು. ಇವನಿಗೆ ಮಗ್ಗಿ ಕಲಿಸಿದವಳು ಅವಳು, ಲೆಕ್ಕ ತಪ್ಪುವವಳಲ್ಲ. "ಅಂದ್ರೆ ಆರಿಸಿದ್ರೂ ಇನ್ನೂರೆಂಬತ್ತು. ಆರಿಸದೇ ಇದ್ರೆ ಮುನ್ನೂರೊಂದು. ನೀನು ಬರೆಯೋದು ಹೇಗಿದ್ರೂ ತೊಂಬತ್ತೆಂಟೇ."

ಇವನು ತಲೆ ತಗ್ಗಿಸಿದ.

"ಮೊದಮೊದಲು ಬೇಡ ಅಂತ ಕೈ ಮುಗೀತಿದ್ರು ಕಣೋ ಇವ್ರು," ಎಂದಳು ಅಕ್ಕ. ದನಿ ಏರಲಿಲ್ಲ, ಅದರಿಂದಲೇ ಇವನಿಗೆ ಹೆಚ್ಚು ಹೆದರಿಕೆಯಾಯಿತು. "ಇವತ್ತೊಂದು ದಿನ ಬಿಡೇ, ಇವತ್ತು ಆಗಲ್ಲ ಕಣೇ ಅಂತ. ನಾನು ನಿನ್ನ ಬಿಲ್ ತಂದು ಮುಖದ ಮುಂದೆ ಹಿಡೀತಿದ್ದೆ. ನೋಡಿ, ತೊಂಬತ್ತೆಂಟು ಬಂದಿದೆ, ನೋಡಿ, ಒಂದು ದಿನ ಬಿಟ್ರೂ ದಾಟುತ್ತೆ ಅಂತ. ಆಮೇಲೆ ಇವ್ರೂ ಕೇಳೋದು ಬಿಟ್ರು. ಒಂದು ಗಂಟೆ ಆದ ಕೂಡ್ಲೆ ತಾವೇ ಕೊಳವೆ ತೆಗೆದು ಇಡ್ತಾರೆ."

ಭಾವನ ತುಟಿಯ ಬಣ್ಣ ಸ್ವಲ್ಪ ಸ್ವಲ್ಪವಾಗಿ ಹಿಂದಿರುಗುತ್ತಿತ್ತು. "ಬಿಡೇ," ಎಂದ. "ಅವನು ನಂಗೋಸ್ಕರ... ಮಾಡ್ದ."

"ನಾನೂ ನಿಮಗೋಸ್ಕರನೇ ಮಾಡಿದ್ದು," ಎಂದಳು ಅಕ್ಕ.

ಎದ್ದು, ಹೊಲಿಗೆ ಯಂತ್ರದ ಡ್ರಾಯರ್ ಎಳೆದು, ದಾರ ಸುತ್ತಿದ ಒಂದು ಕಂತೆ ತೆಗೆದಳು. ನಲವತ್ತೇಳು ತಿಂಗಳ ಬಿಲ್ಲು, ತಾರೀಖಿನ ಪ್ರಕಾರ ಜೋಡಿಸಿಟ್ಟದ್ದು. ಬೇರೆಯವರು ಕಟ್ಟಿದ ಮೇಲೆ ಬಿಸಾಕುವ ಚೀಟಿಗಳನ್ನು ಅವಳು ಬಹುಮಾನದ ಹಾಗೆ ಕಾಪಾಡಿದ್ದಳು. ಇವನ ಮಡಿಲಿಗೆ ಹಾಕಿದಳು. "ತಗೊಂಡು ಹೋಗು," ಎಂದಳು. ಜೇಬಿನಲ್ಲಿದ್ದ ದೂರಿನ ಕಾಗದ ಇವನು ಹೊರಗೆ ತೆಗೆಯಲಿಲ್ಲ.

ಕಚೇರಿಗೆ ಬಂದವನೇ ಆ ಕಾಗದವನ್ನು ಹರಿದು, ಬೇರೆ ಹಾಳೆ ತೆಗೆದು ಬರೆದ. ಈ ಸಲ ಅಕ್ಷರ ಅಂದವಾಗಿರಲಿಲ್ಲ. ಸಾಹೇಬರು ಓದಿ, ಎದ್ದು ಬಾಗಿಲು ಮುಂದೆ ಮಾಡಿದರು. "ಹುಚ್ಚು ಹಿಡಿದಿದ್ಯಾ ನಿಂಗೆ? ಇನ್ನು ಏಳು ತಿಂಗಳು. ನಾನು ಈ ಹಾಳೆ ನೋಡೇ ಇಲ್ಲ, ತಗೊಂಡು ಹೋಗು." ಒಳ್ಳೆಯ ಮನುಷ್ಯ, ಇಲ್ಲ ಎನ್ನಲಾರೆ. ಇವನು ತಗೊಳ್ಳಲಿಲ್ಲ. ಟಪಾಲಿನವಳ ಮೇಜಿಗೆ ಹೋಗಿ ಮೊಹರು ಹೊಡೆಸಿ, ನಕಲು ಪ್ರತಿಗೆ ಸಹಿ ಹಾಕಿಸಿಕೊಂಡು ಬಂದ.

ಮೊದಲು ಅಮಾನತು, ಆಮೇಲೆ ವಿಚಾರಣೆ, ಕೊನೆಗೆ ವಜಾ. ಹೆಂಡತಿ ಎರಡು ತಿಂಗಳು ತಟ್ಟೆ ಮುಂದಿಟ್ಟು ಹೋಗುತ್ತಿದ್ದಳೇ ವಿನಾ ಒಂದು ಮಾತಾಡಲಿಲ್ಲ. ಇಲಾಖೆಗೆ ಮೋಸ ಮಾಡಿದ ನೌಕರ ಎಂದು ನೋಟಿಸ್ ಬೋರ್ಡಿನಲ್ಲಿ ಅಂಟಿಸಿದರು, ಅಲ್ಲಿ ಮಾತ್ರ ಅವನ ನಿಜವಾದ ಹೆಸರನ್ನು ಎಲ್ಲರೂ ಓದಿದರು. ಅದೇ ವಾರ ಅದೇ ಬೋರ್ಡಿಗೆ ಹೊಸ ದರಪಟ್ಟಿಯೂ ಬಂತು. ಮನೆಗಳಿಗೆ ಏರಿಕೆ, ಕಬ್ಬಿಣದ ಕಾರ್ಖಾನೆಗೆ ಇನ್ನಷ್ಟು ಇಳಿಕೆ. ಅದನ್ನು ಬರೆದವರಿಗೆ ಯಾವ ವಿಚಾರಣೆಯೂ ಇಲ್ಲ, ಬಿಡಿ.

ಅಕ್ಕನ ಯುನಿಟ್ಟುಗಳನ್ನು ತಿಂಗಳು ತಿಂಗಳಿಗೆ ಹಂಚಿದರು. ಅರ್ಧಕ್ಕೆ ಇಳಿಯಿತು, ನಲವತ್ತೆಂಟು ಕಂತಾಯಿತು. ಫ್ಯೂಸ್ ಕೀಳಲಿಲ್ಲ. ಕಂತನ್ನು ತಾನು ಕಟ್ಟುತ್ತೇನೆಂದು ಇವನು ಹೋದ. ಈಗ ಒಂದು ಗೋದಾಮಿನ ಗೇಟಿನಲ್ಲಿ ಬಂದುಹೋಗುವ ಲಾರಿಗಳ ನಂಬರ್ ಬರೆಯುವ ಕೆಲಸವಿದೆ ಅವನಿಗೆ. ಅಕ್ಕ ಬಾಗಿಲಲ್ಲೇ ನಿಂತು, "ನಾನು ಹೊಲಿದು ಕಟ್ತೀನಿ," ಎಂದಳು. ಒಳಗೆ ಬಾ ಎನ್ನಲಿಲ್ಲ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

ದೊಡ್ಡಾಸ್ಪತ್ರೆಯ ಡಾಕ್ಟರನ್ನು ಇವನು ಗುಟ್ಟಾಗಿ ಹೋಗಿ ಕೇಳಿದ. ದಿನಕ್ಕೆ ಎರಡು ಗಂಟೆ, ನಾಲ್ಕು ವರ್ಷ, ಏನಾದರೂ ತೊಂದರೆಯಾಗಿರುತ್ತದೆಯೇ ಎಂದು. "ಹೃದಯಕ್ಕೆ ಪೆಟ್ಟು ಬಿದ್ದಿದೆ," ಎಂದರು ಅವರು. "ಅದು ಇನ್ನು ಸರಿಹೋಗಲ್ಲ." ಮಂಚದಿಂದ ಇಳಿದು ಬಾಗಿಲವರೆಗೆ ಬರುತ್ತಿದ್ದ ಭಾವ ಈಗ ಬರುವುದಿಲ್ಲ.

ಆ ಮನೆಯ ಹೊರಗೋಡೆಯಲ್ಲಿ ಈಗ ಹೊಸ ಮೀಟರಿದೆ, ಕಣ್ಣಿನ ಮಟ್ಟಕ್ಕೆ, ಹಸಿರು ಅಂಕಿಯಲ್ಲಿ ಹೊಳೆಯುತ್ತ. ಓದಲು ಯಾರೂ ಬರಬೇಕಿಲ್ಲ. ಆದರೂ ಇವನು ಬರುತ್ತಾನೆ. ಗೋದಾಮಿನಲ್ಲಿ ಒಂದು ಗಂಟೆಗೆ ಊಟಕ್ಕೆ ಬಿಡುತ್ತಾರೆ. ಊಟದ ಡಬ್ಬಿ ಸೈಕಲ್ಲಿಗೆ ಸಿಕ್ಕಿಸಿ, ಆ ಬಿಸಿಲಲ್ಲಿ ಏಳು ಬೀದಿ ದಾಟಿ ಬಂದು, ಭಾವನ ಮಂಚವಿರುವ ಕಿಟಕಿಯ ಕೆಳಗೆ ಸೈಕಲ್ ಹಿಡಿದು ನಿಲ್ಲುತ್ತಾನೆ. ಮೀಟರ್ ಕಡೆ ನೋಡುವುದೂ ಇಲ್ಲ. ಕಿವಿಗೊಟ್ಟು ನಿಲ್ಲುತ್ತಾನೆ, ಅಷ್ಟೇ.

ಒಳಗಿನಿಂದ ಹೊಲಿಗೆ ಯಂತ್ರ ತುಳಿಯುವ ಸದ್ದು ಒಂದು ಗಳಿಗೆ ನಿಲ್ಲುತ್ತದೆ. ಹಿಂದೆಯೇ ಅಕ್ಕನ ದನಿ.

"ಆನ್ ಇದೆ. ಹೋಗು."